ಹಳೆಯ ಕಾರಿನ ಸ್ಟೀರಿಂಗ್ ಆಗಾಗ ಬಿಗಿಯಾದರೆ: ಮೆಕ್ಯಾನಿಕ್ಕೋ, ಎಲೆಕ್ಟ್ರಿಷಿಯನ್ನೋ?

ವಿಜಯಪುರದ ಗಾಂಧಿ ಚೌಕದ ದಟ್ಟಣೆಯಲ್ಲಿ ಸ್ಟೀರಿಂಗ್ ಒಂದು ದಿನ ಬಿಗಿ, ಮರುದಿನ ಹಗುರ ಎನ್ನಿಸಿದರೆ ಮೊದಲು ಬಾನೆಟ್ ತೆರೆದು ನೋಡಿ. ಪವರ್ ಸ್ಟೀರಿಂಗ್ ಎಣ್ಣೆಯ ಡಬ್ಬಿ ಕಂಡರೆ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ನಡೆಯುವ ಸ್ಟೀರಿಂಗ್. ಕಾಣದಿದ್ದರೆ ಬಹುತೇಕ ಎಲೆಕ್ಟ್ರಿಕ್, ಅಂದರೆ ವಿದ್ಯುತ್ ಮೋಟಾರ್‌ನಿಂದ ನಡೆಯುವಂಥದ್ದು.

ಹೈಡ್ರಾಲಿಕ್ ಆದರೆ ಅನುಭವಸ್ಥ ಮೆಕ್ಯಾನಿಕ್ ಸಾಕು. ಅದರ ದೋಷ ಕಿವಿಗೇ ಕೇಳುತ್ತದೆ: ಪೂರ್ತಿ ತಿರುಗಿಸಿದಾಗ ಕಿರ್ರೆಂದರೆ ಬೆಲ್ಟ್ ಸಡಿಲವಾಗಿರಬಹುದು, ಗುಂಯ್‌ಗುಟ್ಟಿದರೆ ಎಣ್ಣೆ ಕಡಿಮೆಯಾಗಿರಬಹುದು. ಎಣ್ಣೆಯಲ್ಲಿ ನೊರೆ ಇದ್ದರೆ ಗಾಳಿ ಸೇರಿದೆ.

ಎಲೆಕ್ಟ್ರಿಕ್ ಸದ್ದಿಲ್ಲದೆ ಕೈಕೊಡುತ್ತದೆ. ಅದಕ್ಕೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದುವ ಸ್ಕ್ಯಾನರ್ ಇಟ್ಟುಕೊಂಡ ಆಟೋ ಎಲೆಕ್ಟ್ರಿಷಿಯನ್ನೇ ಬೇಕು. ಎಚ್ಚರಿಕೆಯ ದೀಪ ಹೊತ್ತಿ ಆರಿದರೂ ದೋಷದ ಕೋಡ್ ಸಾಮಾನ್ಯವಾಗಿ ಉಳಿದಿರುತ್ತದೆ. ಅದನ್ನು ಓದಿಸುವ ಮುನ್ನ ಬ್ಯಾಟರಿ ತಂತಿ ಬಿಚ್ಚಲು ದಯವಿಟ್ಟು ಬಿಡಬೇಡಿ, ಕೋಡ್ ಅಳಿಸಿಹೋದೀತು. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇರಬೇಕು. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ, ಅರ್ಥಿಂಗ್ ತಂತಿಯನ್ನು ಕಾರಿನ ಲೋಹದ ಮೈಗೆ ಬಿಗಿದ ಬೋಲ್ಟ್ ತುಕ್ಕು ಹಿಡಿದಿದ್ದರೆ ಮೊದಲು ಅವನ್ನು ಉಜ್ಜಿಸಿ. ಮೇ ತಿಂಗಳ ಬಿಸಿಲಿನಲ್ಲಿ, ನಿಂತಲ್ಲೇ ಪದೇ ಪದೇ ತಿರುಗಿಸಿದ ಮೇಲಷ್ಟೇ ಬಿಗಿಯಾಗುವುದಾದರೆ ಮೋಟಾರ್ ಕಾದಿರುವ ಸಾಧ್ಯತೆ ಹೆಚ್ಚು. ಸ್ವಲ್ಪ ಆರಲು ಬಿಡಿ.

ಇಷ್ಟನ್ನೂ ನೋಡದೆ ಇಡೀ ಸ್ಟೀರಿಂಗ್ ಜೋಡಣೆಯನ್ನೇ ಬದಲಿಸಿ ಎನ್ನುವ ಗ್ಯಾರೇಜಿಗೆ ಕಾರು ಒಪ್ಪಿಸಬೇಡಿ.