ಸೋಲ್ಡ್ ಔಟ್ ಆದ ಶೋಗೆ ಯಾರದೋ ಟಿಕೆಟ್ ಕೊಳ್ಳೋ ಮುಂಚೆ ಇದನ್ನ ಓದಿ

ಎರಡು ಟಿಕೆಟ್, ಆರು ಸಾವಿರ ರೂಪಾಯಿ, ಬೆಂಗಳೂರಿನ ಮಾದಾವರದಲ್ಲಿ ಶೋ ಗೇಟಲ್ಲಿ ಕೆಂಪು ಲೈಟ್. ಆಗಿದ್ದು ಇಷ್ಟೇ. ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ. ಆದ್ರೂ ಬರೀತಿದ್ದೀನಿ, ಯಾಕಂದ್ರೆ ನನಗೆ ಟಿಕೆಟ್ ಮಾರಿದ ಆಸಾಮಿ ಇನ್ನೂ ಮಾರ್ತಾನೇ ಇದ್ದಾನೆ.

ಮೂರೂವರೆ ಸಾವಿರದ ಪಾಸ್ ಮೂರು ಸಾವಿರಕ್ಕೆ ಅಂದ. ಎಲ್ಲಾ ಮಾರಿಹೋಗಿರೋ ಶೋಗೆ ಕಮ್ಮಿ ರೇಟ್ ಯಾಕೆ ಅಂತ ಅಲ್ಲೇ ಕೇಳಬೇಕಿತ್ತು. ನಾನು ಕೇಳಿದ್ದು ಬುಕಿಂಗ್ ಪ್ರೂಫ್. ಪಿಡಿಎಫ್ ಬಂತು, ಬುಕಿಂಗ್ ಐಡಿ ಇತ್ತು, ಕ್ಯೂಆರ್ ಇತ್ತು. ಜೊತೆಗೆ ಕೇಳದೇನೇ ಆಧಾರ್ ಫೋಟೋ. ಕೇಳದೇ ಆಧಾರ್ ಕಳಿಸೋರನ್ನ ನಂಬಲೇಬೇಡಿ. ಹಿಂದೆ ಮೋಸ ಹೋದ ಯಾರೋ 'ವೆರಿಫಿಕೇಶನ್'ಗೆ ಅಂತ ಕೊಟ್ಟ ಕಾರ್ಡನ್ನೇ ಹೀಗೆ ಮುಂದಿನವರಿಗೆ ತೋರಿಸ್ತಾರೆ. ನಿಮ್ಮದನ್ನ ಕೊಟ್ರೆ ನಾಳೆ ಅದೂ ಓಡಾಡುತ್ತೆ.

ದುಡ್ಡು ಹಾಕೋಕೆ ಹೋದ್ರೆ ಯುಪಿಐನಲ್ಲಿ ಬಂದ ಹೆಸರೇ ಬೇರೆ. ಆ ಕ್ಷಣ ನೆನೆಸಿಕೊಂಡ್ರೆ ಈಗಲೂ ಮೈ ಉರಿಯುತ್ತೆ. ಅನುಮಾನ ಬಂದಿತ್ತು, ಕೇಳಿಯೂ ಕೇಳಿದೆ. "ಅತ್ತಿಗೆ ಅಕೌಂಟ್ ಅಣ್ಣ, ನಂದು ಇವತ್ತಿನ ಲಿಮಿಟ್ ಮುಗಿದಿದೆ" ಅಂದ. ದಿನಕ್ಕೆ ಒಂದು ಲಕ್ಷದ ಲಿಮಿಟ್ ಕಳಿಸೋರಿಗೆ, ತಗೊಳ್ಳೋರಿಗಲ್ಲ! ಗೊತ್ತಿರೋ ವಿಷಯ, ಆಗ ತಲೆಗೆ ಬರಲಿಲ್ಲ. ಯಾಕಂದ್ರೆ ತಕ್ಷಣ ಇನ್ನೊಂದು ಮೆಸೇಜ್: "ಇನ್ನೂ ಇಬ್ರು ಕೇಳ್ತಿದ್ದಾರೆ, ನಿಮಗೋಸ್ಕರ ಐದು ನಿಮಿಷ ಇಟ್ಟಿರ್ತೀನಿ." ಪಿನ್ ಒತ್ತಿದೆ.

ಗೇಟಲ್ಲಿ ಸ್ಕ್ಯಾನರ್ ಹೇಳಿದ್ದು, ಈ ಟಿಕೆಟಲ್ಲಿ ಆಗಲೇ ಒಬ್ಬರು ಒಳಗೆ ಹೋಗಿದ್ದಾರೆ ಅಂತ. ಕ್ಯೂಆರ್ ಅಂದ್ರೆ ಒಂದು ನಂಬರಿನ ಚಿತ್ರ ಅಷ್ಟೇ. ಅದನ್ನ ಹತ್ತು ಜನಕ್ಕೆ ಕಳಿಸಿದ್ರೆ ಮೊದಲು ತೋರಿಸಿದವರು ಒಳಗೆ, ಮಿಕ್ಕವರು ರಸ್ತೇಲಿ. ಕೆಲವು ಶೋಗಳಲ್ಲಿ ಆ್ಯಪ್ ಒಳಗಿನ ಕೋಡ್ ಬದಲಾಗ್ತಾನೇ ಇರುತ್ತೆ, ಅಲ್ಲಿ ಸ್ಕ್ರೀನ್‌ಶಾಟ್ ಕಳಿಸಿದ ಹೊತ್ತಿಗೇ ಕೆಲಸಕ್ಕೆ ಬಾರದ್ದು.

ಫೋನ್ ಮಾಡಿದ್ರೆ ಎತ್ತಲಿಲ್ಲ. ಮೆಸೇಜಿಗೆ ಮಾತ್ರ ಉತ್ತರ. "ಬ್ರೈಟ್‌ನೆಸ್ ಜಾಸ್ತಿ ಮಾಡಿ ಅಣ್ಣ." ಮಾಡಿದೆ. "ಪಕ್ಕದ ಗೇಟಿಗೆ ಹೋಗಿ, ಅಲ್ಲಿ ಬಿಡ್ತಾರೆ." ಹೋದೆ. "ಸರ್ವರ್ ಪ್ರಾಬ್ಲಮ್ ಇರಬೇಕು." ಕೊನೆಗೆ, "ನಾನು ಅಂಥವನಲ್ಲ ಅಣ್ಣ, ದುಡ್ಡು ವಾಪಸ್ ಹಾಕ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ." ಆಗ ಪೂರ್ತಿ ಅರ್ಥ ಆಯ್ತು. ದುಡ್ಡು ಬರೋಕೆ ಪಿನ್ ಬೇಕಾಗಿಲ್ಲ, ಯಾವತ್ತೂ ಬೇಕಾಗಿಲ್ಲ. ಪಿನ್ ಹಾಕಿದ್ರೆ ದುಡ್ಡು ಹೋಗೋದೇ. ಇನ್ನೂ ಆರು ಸಾವಿರ ಎಳೆಯೋ ಲೆಕ್ಕ ಅವನದ್ದು.

ಅಲ್ಲಿ ನಾನು ಮಾಡಿದ ಇನ್ನೊಂದು ತಪ್ಪು ಅವನಿಗೆ ಬೈದಿದ್ದು. ಬೈದ ಕೂಡಲೇ ಮೆಸೇಜುಗಳನ್ನೆಲ್ಲ 'ಡಿಲೀಟ್ ಫಾರ್ ಎವ್ರಿಒನ್' ಮಾಡಿದ. ಮೊದಲು ಸ್ಕ್ರೀನ್‌ಶಾಟ್ ತೆಗೀರಿ, ಅವನ ನಂಬರ್, ಯುಪಿಐ ಐಡಿ, ಟ್ರಾನ್ಸಾಕ್ಷನ್ನಿನ 12 ಅಂಕಿಯ ಯುಟಿಆರ್ (ಆ ಪೇಮೆಂಟಿನ ಗುರುತಿನ ನಂಬರ್) ಬರೆದಿಟ್ಕೊಳ್ಳಿ, ಗೇಟಲ್ಲೇ ನಿಂತು ಸೈಬರ್ ಕ್ರೈಂ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮನೆಗೆ ಹೋಗಿ ನಾಳೆ ನೋಡೋಣ ಅನ್ನಬೇಡಿ. ಆ ಅಕೌಂಟಿಂದ ದುಡ್ಡು ಮುಂದಕ್ಕೆ ಹೋಗೋ ಮುಂಚೆ ದೂರು ಬಿದ್ರೆ ಅದನ್ನ ತಡೆಹಿಡಿಯೋ ಸಾಧ್ಯತೆ ಜಾಸ್ತಿ. ನಾನು ಮಾರನೇ ದಿನ ಮಧ್ಯಾಹ್ನ ಮಾಡಿದೆ. ಅಷ್ಟೊತ್ತಿಗೆ ಅಕೌಂಟ್ ಖಾಲಿ.

ಕೊಳ್ಳಲೇಬೇಕು ಅಂದ್ರೆ ಬುಕ್ ಮಾಡಿದ ಆ್ಯಪಲ್ಲೇ ಟ್ರಾನ್ಸ್‌ಫರ್ ಮಾಡಿಸ್ಕೊಳ್ಳಿ. ಟಿಕೆಟ್ ನಿಮ್ಮ ನಂಬರಿನ ಲಾಗಿನ್ನಲ್ಲಿ ಕಾಣಬೇಕು. ಕಂಡ ಮೇಲೆ ದುಡ್ಡು, ಅಲ್ಲೀವರೆಗೆ ಅಡ್ವಾನ್ಸ್ ಅಂತ ನೂರು ರೂಪಾಯಿನೂ ಬೇಡ. ಆ ಶೋಗೆ ಟ್ರಾನ್ಸ್‌ಫರ್ ಇಲ್ಲ ಅಂದ್ರೆ ಕೊಳ್ಳೋದೇ ಬೇಡ. ಟ್ರಾನ್ಸ್‌ಫರ್ ಅಂದ ಕೂಡಲೇ ಇವನು "ಆ್ಯಪ್ ಓಪನ್ ಆಗ್ತಿಲ್ಲ" ಅಂತಾನೆ, ನನಗೂ ಅದನ್ನೇ ಹೇಳಿದ್ದ.

ಈ ವಾರ ಇನ್ನೊಂದು ಶೋಗೆ ಅದೇ ಮೆಸೇಜ್ ಬೇರೆ ನಂಬರಿಂದ ಓಡಾಡ್ತಿದೆ: "ಅರ್ಜೆಂಟಾಗಿ ಊರಿಗೆ ಹೋಗಬೇಕು, ಎರಡು ಪಾಸ್ ಇದೆ, ಕೊಂಡ ರೇಟಿಗಿಂತ ಕಮ್ಮಿಗೆ ಕೊಡ್ತೀನಿ." ಒಂದಕ್ಷರ ಬದಲಾಗಿಲ್ಲ.