ಸಿ ಸಾಕೆಟ್: ಹನ್ನೊಂದು ವರ್ಷ ಬಳಸಿದವನ ಮಾತು

ಸಿ ಭಾಷೆಯ ಪ್ರೋಗ್ರಾಂ ನೆಟ್‌ವರ್ಕ್ ಮೂಲಕ ಇನ್ನೊಂದು ಪ್ರೋಗ್ರಾಂ ಜೊತೆ ಮಾತಾಡೋ ಕೊಂಡಿಯೇ ಸಾಕೆಟ್. ಅದಕ್ಕೆ ಬೇಕಾದ ಸಾಕೆಟ್, ಬೈಂಡ್, ಲಿಸನ್, ಆಕ್ಸೆಪ್ಟ್ ಫಂಕ್ಷನ್‌ಗಳನ್ನು ಯಾವ ಕ್ರಮದಲ್ಲಿ ಕರೆಯಬೇಕು ಅನ್ನೋದು ಎಲ್ಲ ಪಾಠಗಳಲ್ಲೂ ಇದೆ, ಮತ್ತೆ ಬರೆಯೋದಿಲ್ಲ. ನನ್ನ ತಕರಾರೆಲ್ಲ ಬಂದ ಡೇಟಾ ಓದಿಕೊಳ್ಳೋ ರಿಸೀವ್ ಫಂಕ್ಷನ್ ಮೇಲೆ.

ನಮ್ಮೂರ ಕಡೆಯ ಅಡಿಕೆ ಮಂಡಿಯೊಂದಕ್ಕೆ ತೂಕದ ಯಂತ್ರದ ಅಂಕಿಗಳನ್ನು ಆಫೀಸಿನ ಕಂಪ್ಯೂಟರಿಗೆ ತರುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಸಾಲಿಗೊಂದು ತೂಕ, ಅಷ್ಟೇ. ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ದಿನವೂ ತಪ್ಪಲಿಲ್ಲ. ಮಂಡಿಯಲ್ಲಿ ಎರಡನೇ ವಾರಕ್ಕೇ 65 ಕಿಲೋ ಚೀಲ 6 ಕಿಲೋ ಅಂತ ಬಿತ್ತು, ಅದರ ಕೆಳಗೇ 5 ಕಿಲೋದ ಇನ್ನೊಂದು ಚೀಲ! ಚೀಟಿ ಹಿಡಿದು ನಿಂತ ರೈತರು, “ಎಂತ ಮಾರಾಯ್ರೆ ಇದು, ನನ್ನ ಅಡಿಕೆ ಎಲ್ಲಿ ಹೋಯ್ತು?” ಅಂತ ಕೇಳಿದಾಗ ನನ್ನ ಬಾಯಿ ಕಟ್ಟಿತ್ತು.

ನೆಟ್‌ವರ್ಕ್‌ನಲ್ಲಿ ಡೇಟಾ ಸಾಗಿಸೋ ಟಿಸಿಪಿ ಅನ್ನೋ ವ್ಯವಸ್ಥೆಗೆ ಸಾಲು, ಸಂದೇಶ ಯಾವುದೂ ಗೊತ್ತಿಲ್ಲ. ಅದಕ್ಕೆ ಕಾಣೋದು ಬೈಟ್‌ಗಳ ಹೊಳೆ ಮಾತ್ರ. ಮೂರು ಸಲ ಕಳಿಸಿದ್ದು ಒಂದೇ ರಿಸೀವ್‌ಗೆ ಸಿಗಬಹುದು, ಒಂದು ಸಲ ಕಳಿಸಿದ್ದು ಮೂರು ತುಂಡಾಗಿ ಬರಬಹುದು. ಅಲ್ಲಿ ತೂಕಗಳು ಒಂದಕ್ಕೊಂದು ಅಂಟಿಕೊಂಡು ಬಂದು, ನನ್ನ ಬಫರ್ (ಬಂದ ಬೈಟ್‌ಗಳನ್ನು ಹಿಡಿದಿಡೋ ಜಾಗ) ತುಂಬಿದ ಕಡೆ 6 ಮತ್ತು 5ರ ನಡುವೆ ಕತ್ತರಿಸಿತ್ತು.

ಅಂದಿನಿಂದ ಹೊಸ ಸರ್ವರ್ ಬರೆದಾಗಲೆಲ್ಲ ಒಂದು ರೂಢಿ. ಕಾಫಿ ಪಕ್ಕಕ್ಕಿಟ್ಟು ಎರಡು ಟರ್ಮಿನಲ್ ತೆಗೀತೀನಿ. ಬಫರ್ ಬೇಕೆಂತಲೇ 10 ಬೈಟ್. ಟೈಪ್ ಮಾಡಿದ್ದನ್ನು ಸರ್ವರ್‌ಗೆ ಕಳಿಸೋ ನೆಟ್‌ಕ್ಯಾಟ್‌ನಲ್ಲಿ ‘ನಮಸ್ಕಾರ’ ಟೈಪ್ ಮಾಡಿ ಎಂಟರ್. ಏಳು ಯೂನಿಕೋಡ್ ಸಂಕೇತ, ತಲಾ 3 ಬೈಟ್, ಜೊತೆಗೆ ಸಾಲಿನ ಕೊನೆಯದೊಂದು: 22. ಪರದೆಯಲ್ಲಿ 10, 10, 2 ಅಂತ ಬರುತ್ತೆ. ‘ನಮಸ’ ನೆಟ್ಟಗಿದ್ದು, ಒತ್ತಕ್ಷರ ಶುರುವಾಗೋ ಜಾಗದಲ್ಲೇ ಸೀಳಿರುತ್ತೆ. ಸಾಲಿನ ಕೊನೆ ಸಿಗುವವರೆಗೆ ತುಂಡುಗಳನ್ನು ಕೂಡಿಸುವ ಲೂಪ್ ಹಾಕಿ, ಇಡೀ ‘ನಮಸ್ಕಾರ’ ಮೂಡಿದ ಮೇಲೇ ಮುಂದಿನ ಕೆಲಸ.

ಉಳಿದವು ಸಣ್ಣ ಕಿರಿಕಿರಿ. ಪೋರ್ಟ್ (ಸರ್ವರ್‌ನ ಬಾಗಿಲ ನಂಬರ್) ಸಂಖ್ಯೆಯ ಬೈಟ್‌ಗಳನ್ನು ನೆಟ್‌ವರ್ಕ್‌ನ ಕ್ರಮಕ್ಕೆ ತರುವ ಎಚ್‌ಟಾನ್ಸ್ ಫಂಕ್ಷನ್ ಮರೆತರೆ ಇಂಟೆಲ್ ಯಂತ್ರದಲ್ಲಿ 8080ರ ಬದಲು 36895ನೇ ಪೋರ್ಟ್ ತೆರೆದುಕೊಳ್ಳುತ್ತೆ, ಎರರ್ ಕೂಡ ಬರಲ್ಲ. ಸರ್ವರ್ ನಿಲ್ಲಿಸಿ ತಕ್ಷಣ ಶುರುಮಾಡಿದರೆ ವಿಳಾಸ ಬಳಕೆಯಲ್ಲಿದೆ ಅನ್ನುತ್ತೆ. ಲಿನಕ್ಸ್‌ನಲ್ಲಿ 60 ಸೆಕೆಂಡ್ ಕಾಯಬೇಕು, ಇಲ್ಲವೇ ಬೈಂಡ್‌ಗೆ ಮೊದಲೇ, ಅದೇ ವಿಳಾಸ ಮತ್ತೆ ಬಳಸಲು ಬಿಡೋ ರಿಯೂಸ್ ಅಡ್ರೆಸ್ ಆಯ್ಕೆ ಹಾಕಬೇಕು.

ಇಷ್ಟೆಲ್ಲ ಬೈದರೂ ಬಿಟ್ಟಿಲ್ಲ. 1983ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ 4.2 ಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್ ಜೊತೆ ಬಂದ ಸಾಕೆಟ್ ಕರೆಗಳೇ ಇವತ್ತಿಗೂ ನಡೀತಿವೆ. ಲೈಸೆನ್ಸಿಗೆ ಒಂದು ರೂಪಾಯಿ ಕೊಟ್ಟಿಲ್ಲ, ನನ್ನಂಥ ಒಬ್ಬಂಟಿ ಕೆಲಸಗಾರನಿಗೆ ಅದು ದೊಡ್ಡದು. ಮಂಡಿಯವರು ಹೋದ ವರ್ಷ ಕಂಪ್ಯೂಟರ್ ಬದಲಿಸಿದರು. ಹಳೇ ಕೋಡನ್ನು ಒಂದಕ್ಷರ ಮುಟ್ಟದೆ ಕಂಪೈಲ್ ಮಾಡಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದೆ.