ಪಡುವಣ ಜಗಲಿಗೆ ಸಿಮೆಂಟ್ ಜಾಲಂದ್ರ: ಎರಡು ಮಳೆಗಾಲ ಕಳೆದ ಮೇಲೆ

ಹಾಸನದಲ್ಲಿ ಕಟ್ಟಿಸಿದ ನಮ್ಮ ಹೊಸ ಮನೆಯ ಜಗಲಿ ಪಶ್ಚಿಮಕ್ಕಿದೆ. ಮಧ್ಯಾಹ್ನ ಮೂರರ ಮೇಲೆ ಅಲ್ಲಿ ಕೂರೋಕೆ ಆಗುತ್ತಿರಲಿಲ್ಲ. ಗಾಜು ಹಾಕಿದರೆ ಸೆಕೆ, ಗೋಡೆ ಎಬ್ಬಿಸಿದರೆ ಕತ್ತಲೆ. ಬೇಲೂರು ಗುಡಿಯ ಕಲ್ಲಿನ ಜಾಲಂದ್ರ, ಅಂದರೆ ಗಾಳಿ-ಬೆಳಕು ಬರುವ ತೂತಿನ ತಡಿಕೆ, ನೋಡುತ್ತಲೇ ಬೆಳೆದವಳು ನಾನು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಆ ಗುಡಿಯ ಮಂಟಪ ಮೊದಲು ತೆರೆದೇ ಇತ್ತು. ಜಾಲಂದ್ರ ಕೂಡಿಸಿದ್ದು ಆಮೇಲೆ, ಮೊಮ್ಮಗ ಎರಡನೇ ಬಲ್ಲಾಳನ ಕಾಲದಲ್ಲಿ. ನಮ್ಮ ಜಗಲಿಗೂ ಅದೇ ದಾರಿ ಅನ್ನಿಸಿತು.

ಕಲ್ಲಲ್ಲಿ ಕೆತ್ತಿಸುವಷ್ಟು ದುಡ್ಡಿರಲಿಲ್ಲ. ಬೆಂಗಳೂರಿನ ಹೊರಗೆ ಗಾಜಿನ ನಾರು ಬೆರೆಸಿದ ಅಚ್ಚಿನ ಕಾಂಕ್ರೀಟ್ ಹಲಗೆ, ಅಂದರೆ ಜಿಆರ್‌ಸಿ ಜಾಲಿ ಎರೆಯುವವರ ಹತ್ತಿರ ಮಾಡಿಸಿದೆ. 2 ಅಡಿ ಅಗಲ, 3 ಅಡಿ ಎತ್ತರ, 40 ಮಿ.ಮೀ. ದಪ್ಪ, ಒಟ್ಟು ಆರು ಹಲಗೆ. ಚದರಡಿಗೆ 420ರಂತೆ 15,120 ರೂಪಾಯಿ ಆಯಿತು, ಸಾಗಣೆ ಬೇರೆ.

ಇದರಲ್ಲಿ ಜಲ್ಲಿ ಹಾಕುವುದಿಲ್ಲ. ಸಿಮೆಂಟು, ಮರಳು, ನೀರಿನ ಜೊತೆ ಗಾಜಿನ ನಾರು ಕಲಸುತ್ತಾರೆ. ನಮ್ಮ ಒಂದು ಹಲಗೆ ಸುಮಾರು 27 ಕೆ.ಜಿ. ಇದೆ, ಇಬ್ಬರು ಎತ್ತಬಹುದು. ಸಿಮೆಂಟಿನ ಕ್ಷಾರ ಮಾಮೂಲಿ ಗಾಜನ್ನು ತಿಂದುಹಾಕುತ್ತದೆ. ಅದಕ್ಕೇ ಜಿರ್ಕೋನಿಯಾ ಸೇರಿಸಿದ, ಕ್ಷಾರ ತಡೆಯುವ ಎಆರ್ ಗಾಜಿನ ನಾರೇ ಆಗಬೇಕು. ಮುಂಗಡ ಕೊಡುವ ಮೊದಲೇ ಇದನ್ನು ಕೇಳಿ. ನಾನು ನಾರಿನ ಚೀಲದ ಮೇಲಿನ ಲೇಬಲ್ ನೋಡಿಯೇ ಒಪ್ಪಿದೆ.

ಅವರು ಮೊದಲು ತೋರಿಸಿದ್ದು ಮದನಿಕೆಯ, ಅಂದರೆ ಬೇಲೂರಿನ ಶಿಲಾಬಾಲಿಕೆಯ ಹಲಗೆ. ತೂತೇ ಇಲ್ಲ, ಸುಮ್ನೆ ಗೋಡೆಗೆ ಅಂಟಿಸುವುದು. ಮೂಗು, ಬೆರಳು ಎಲ್ಲ ಮೊಂಡಾಗಿತ್ತು. ನನಗೆ ನಿಜಕ್ಕೂ ಬೇಜಾರಾಯಿತು. ಬೇಲೂರಿನದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬರಬರುತ್ತಾ ಗಟ್ಟಿಯಾಗುತ್ತದೆ. ಕೂದಲೆಳೆಯಷ್ಟು ಸಣ್ಣ ಕೆಲಸವನ್ನೂ ಅದು ತಾಳುತ್ತದೆ. ಎರಕದ ಸಿಮೆಂಟಿಗೆ ಅಂಥ ಕೆಲಸ ಒಗ್ಗುವುದಿಲ್ಲ. ಆದರೆ ಬೇಲೂರಿನಲ್ಲೇ ಬರೀ ಗೆರೆ-ಕೋನಗಳ ಜಾಲಂದ್ರಗಳೂ ಇವೆಯಲ್ವಾ? ಅವನ್ನು ನೋಡಿ ನಕ್ಷತ್ರದ ವಿನ್ಯಾಸ ಬರೆದುಕೊಟ್ಟೆ. ಪಟ್ಟಿ ದಪ್ಪ, ತೂತು ದೊಡ್ಡದು. ಅಂಚು ಚೂಪಾಗಿ, ಚೆನ್ನಾಗಿ ಬಂದಿದೆ.

ಅಚ್ಚಿನಿಂದ ಬಿಡಿಸಲು ಅನುಕೂಲ ಆಗಲಿ ಅಂತ ತೂತಿನ ಒಳಮೈಯನ್ನು ಓರೆ ಮಾಡಿರುತ್ತಾರೆ. ಹಾಗಾಗಿ ತೂತು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಕಿರಿದಾದ ಕಡೆ ಬೀದಿಗೆ ಬರುವಂತೆ ಕೂರಿಸಿದೆವು. ಒಳಗಿನಿಂದ ಬೀದಿ ಚೆನ್ನಾಗಿ ಕಾಣುತ್ತದೆ, ಬೀದಿಯಿಂದ ಒಳಗೆ ಅಷ್ಟಾಗಿ ಕಾಣುವುದಿಲ್ಲ.

ತೊಂದರೆ ಆಗಿದ್ದೆಲ್ಲ ಕೂರಿಸುವಾಗ. ಲಾರಿಯಿಂದ ಇಳಿಸುವಾಗ ಒಂದನ್ನು ಅಡ್ಡಡ್ಡ ಹಿಡಿದರು, ನಡುವೆ ಬಿರುಕು ಬಿಟ್ಟಿತು. ಇದನ್ನು ನಿಲ್ಲಿಸಿಕೊಂಡೇ ಸಾಗಿಸಬೇಕು. ಬದಲಿ ಹಲಗೆ ಬರಲು ಮೂರು ವಾರ ಹಿಡಿಯಿತು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ನಮ್ಮ ಮೇಸ್ತ್ರಿ ನಾಲ್ಕೂ ಕಡೆ ಗಾರೆ ತುಂಬಿ ಬಿಗಿ ಮಾಡಲು ಹೊರಟಿದ್ದರು. ಬಿಸಿಲು-ಮಳೆಗೆ ಹಲಗೆ ಹಿಗ್ಗಿ ಕುಗ್ಗುತ್ತದೆ, ಬಿಗಿ ಮಾಡಿದರೆ ಸೀಳುತ್ತದೆ. 6 ಮಿ.ಮೀ. ಸಂದು ಬಿಡಿಸಿ ಸಿಲಿಕೋನ್ ತುಂಬಿಸಿದೆ. ಹಲಗೆ ಹಿಡಿದಿಡಲು ಜೊತೆಗೆ ಬಂದ ಕ್ಲಿಪ್ಪುಗಳು ಸಾದಾ ಕಬ್ಬಿಣದವು. ಮೊದಲ ಮಳೆಗೇ ತುಕ್ಕಿನ ನೀರು ಇಳಿದು ಎರಡು ಹಲಗೆ ಕಲೆಯಾದವು. ಸ್ಟೇನ್‌ಲೆಸ್ ಸ್ಟೀಲಿನವು ಹಾಕಿಸಿದೆ, ಕಲೆ ಮಾತ್ರ ಇನ್ನೂ ಹೋಗಿಲ್ಲ. ಕ್ಲಿಪ್ಪಿನ ವಿಷಯದಲ್ಲಿ ಕಾರ್ಖಾನೆಯವರ ಮೇಲೆ ನನಗೆ ಈಗಲೂ ಕೋಪವಿದೆ.

ಪೇಂಟ್ ಹೊಡೆಸಿಲ್ಲ. ಕಪ್ಪು ಆಕ್ಸೈಡನ್ನು ಕಲಸುವಾಗಲೇ ಹಾಕಿಸಿದ್ದರಿಂದ ಬಣ್ಣ ಸುಲಿಯುವ ಮಾತಿಲ್ಲ. ಮೊದಲ ವರ್ಷ ಅಲ್ಲಲ್ಲಿ ಬಿಳಿ ಉಪ್ಪು ಕಾಣಿಸಿತು, ಒಣ ಬ್ರಷ್‌ನಲ್ಲಿ ಉಜ್ಜಿದರೆ ಹೋಯಿತು. ಧೂಳು, ಜೇಡರ ಬಲೆ ಜಾಸ್ತಿ, ತಿಂಗಳಿಗೊಮ್ಮೆ ಪೈಪ್ ಹಿಡಿಯುತ್ತೇನೆ.

ಈಗ ನಾಲ್ಕು ಗಂಟೆಗೆ ಅಮ್ಮ ಅಲ್ಲೇ ಕೂತು ಹೂವು ಕಟ್ಟುತ್ತಾರೆ. ನೆಲದ ತುಂಬ ನಕ್ಷತ್ರದ ಬಿಸಿಲು, ಕೆಂಪು ನೆಲದ ಮೇಲೆ ಮೆಲ್ಲಗೆ ಸರಿಯುತ್ತಾ ಅಡುಗೆಮನೆ ಬಾಗಿಲವರೆಗೆ ಬರುತ್ತದೆ. ಮೆಟ್ಟಿಲ ಹತ್ತಿರದ ಗೋಡೆಗೂ ಎರಡು ಹಲಗೆ ಹೇಳಿದ್ದೇನೆ. ಅಚ್ಚು ಅದೇ, ಕ್ಲಿಪ್ಪು ಮಾತ್ರ ನಾನೇ ತರುತ್ತೇನೆ.